ನಿಮ್ಮ ಬೆರಳು ಸೋತಿರಲಿಲ್ಲ, ಮಾಮಾ

ಪ್ರೀತಿಯ ಮಾಮಾ,

ಮೊದಲು ವಿಷಯ ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಇಂದಾಪುರದ ಮೈದಾನದಲ್ಲಿ ಅವತ್ತು ನಿಮ್ಮ ಬೆರಳಿಗೆ ಏನೂ ಆಗಿರಲಿಲ್ಲ. ಕಣ್ಣಿಗೂ ಆಗಿರಲಿಲ್ಲ. ಕ್ಯಾಮೆರಾ ಕೂಡ ಕೆಟ್ಟಿರಲಿಲ್ಲ. ನಡೆದದ್ದೇ ಬೇರೆ. ಅದೇನೆಂದು ನನಗೆ ತಿಳಿಯುವ ಹೊತ್ತಿಗೆ ಕೇಳಿಸಿಕೊಳ್ಳಲು ನೀವಿರಲಿಲ್ಲ. ಹಾಗಂತ ಹೇಳದೆ ಸುಮ್ಮನಿರುವವಳೇ ನಾನು?

ಆ ಫೈನಲ್ ಪಂದ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಣ್ಣುಮಕ್ಕಳ ಕಬಡ್ಡಿ. ಪುಣೆಯಿಂದ ಬೆಳಗಿನ ಎಸ್.ಟಿ. ಬಸ್ಸು ಹಿಡಿದು ಹೋಗಿದ್ದೆವು. ನಿಮ್ಮ ಕೊರಳಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ. ಮದುಮಗನ ಹಾಗೆ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಿರಿ. ಮಾರಿದವನು, ‘ಬಟನ್ ಒತ್ತಿ ಹಿಡಿದರೆ ಸಾಕು, ಅದೇ ಹೊಡೆಯುತ್ತ ಹೋಗುತ್ತದೆ’ ಎಂದಿದ್ದನಂತೆ. ಕೊನೆಯ ರೇಡ್ ಶುರುವಾಯಿತು. ಕೆಂಪು ಜೆರ್ಸಿಯ ಹುಡುಗಿ ಗೆರೆ ದಾಟಿ ಒಳಗೆ ಕಾಲಿಟ್ಟಾಗಿನಿಂದಲೇ ನೀವು ಒತ್ತಿ ಹಿಡಿದಿರಿ. ಟಕಟಕಟಕ ಎಂದು ಮಳೆ ಸುರಿದಂತೆ ಸದ್ದು. ಆಮೇಲೆ ಸದ್ದು ಕುಂಟಿತು. ಟಕ್... ಟಕ್... ನಿಂತೇಹೋಯಿತು. ಸರಿಯಾಗಿ ಅದೇ ಗಳಿಗೆಗೆ ಆ ಹುಡುಗಿ ಇಬ್ಬರ ಕೈಯಿಂದ ಜಾರಿ, ಮೂರನೆಯವಳ ಬೆನ್ನ ಮೇಲಿಂದ ಹಾರಿ, ಬಂದು ನಡುಗೆರೆ ಮುಟ್ಟಿದಳು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು.

“ಸುಮಿ, ಇದಕ್ಕೇನಾತ ನೋಡವಾ,” ಎಂದಿರಿ. “ನಾ ಬಟನ್ ಒತ್ತೀನೋ ಇಲ್ಲೋ?”

“ಒತ್ತೀರಿ ಮಾಮಾ, ನಾ ನೋಡೀನಲ್ಲ.”

ಸಂಘಟಕರು ಪೇಪರಿಗೆ ಕೊಡಲು ಆ ಜಿಗಿತದ ಫೋಟೋ ಕೇಳಿಕೊಂಡು ಬಂದರು. ನಿಮ್ಮ ಹತ್ತಿರ ಇದ್ದದ್ದು ಹುಡುಗಿ ನಡೆದು ಬರುವ ಫೋಟೋಗಳು, ಆಮೇಲೆ ಅವಳು ದಾಟಿಹೋದ ಬಳಿಕದ ಬರೀ ಧೂಳು. ವಾಪಸು ಬರುವಾಗ ಬಸ್ಸಿನಲ್ಲಿ ನೀವು ಕಿಟಕಿಯ ಕಡೆಯಿಂದ ಮುಖ ತಿರುಗಿಸಲೇ ಇಲ್ಲ.

ರಿಪೇರಿಯವನ ಅಂಗಡಿಗೆ ನಾನೂ ಬಂದಿದ್ದೆ, ನೆನಪಿದೆಯೇ? ಅವನು ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಾಹೀ ಝಾಲಂ ನಾಹೀ, ಕಾಕಾ” ಎಂದು ನಗುತ್ತ ಕೈಗಿಟ್ಟ. ಏನೂ ಆಗಿಲ್ಲ! ಯಂತ್ರ ಸರಿ ಇದೆಯೆಂದರೆ ತಪ್ಪು ಯಾರದು ಎಂಬ ಲೆಕ್ಕವನ್ನು ನೀವು ಅಲ್ಲೇ ಹಾಕಿ ಮುಗಿಸಿದಿರಿ. ಸಂಜೆ ಚಹಾ ಕುಡಿಯುವಾಗ ಬಲಗೈಯ ತೋರುಬೆರಳನ್ನು ಮಡಚಿ ಬಿಡಿಸುತ್ತ, “ವಯಸ್ಸಾತವಾ. ಬೆರಳು ಹಿಂದ ಬೀಳಾಕತ್ತದ” ಎಂದಿರಿ. ಅಷ್ಟೇ. ಮತ್ತೆ ಮೈದಾನದ ಕಡೆ ಹೋಗಲಿಲ್ಲ. ಕುಸ್ತಿಗೆ ಕರೆದರೂ ಇಲ್ಲ, ಕಬಡ್ಡಿಗೆ ಕರೆದರೂ ಇಲ್ಲ. ಕಟ್ಟಡದ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದು, ಜಲ್ಲಿಕಲ್ಲು ಹೊತ್ತು, ಯಾರದೋ ಸ್ಟುಡಿಯೋದಲ್ಲಿ ಕಸ ಹೊಡೆಯುತ್ತ ಕೆಲಸ ಕಲಿತು, ಪುಣೆಯ ಗುಲ್ಟೇಕಡಿಯಲ್ಲಿ ಸ್ವಂತ ಸ್ಟುಡಿಯೋ ಇಟ್ಟವರು ನೀವು. ಅಷ್ಟೆಲ್ಲ ದಾಟಿ ಬಂದವರು ಒಂದು ಫೋಟೋ ತಪ್ಪಿತೆಂದು... ಹೋಗಲಿ ಬಿಡಿ. ಆಮೇಲೆ ಕಾಯಿಲೆ ಬಂತು. ಉಳಿದದ್ದು ನಿಮಗೂ ಗೊತ್ತು.

ನೀವು ಹೋದ ಮೇಲೆ ಒಂದು ಮಧ್ಯಾಹ್ನ ಅತ್ತೆ ಕ್ಯಾಮೆರಾವನ್ನು ತಂದು ನನ್ನ ಮಡಿಲಲ್ಲಿಟ್ಟರು. “ಕಪಾಟಿನ್ಯಾಗ ಇಟ್ರ ಬೂಸ್ಟು ಹಿಡೀತದ. ನೀ ನಡಸು” ಎಂದರು. ಕ್ಯಾಮೆರಾ ನಡೆಸು ಎಂದರೋ ಸ್ಟುಡಿಯೋ ನಡೆಸು ಎಂದರೋ ನಾನು ಕೇಳಲಿಲ್ಲ, ಎರಡನ್ನೂ ನಡೆಸಿದೆ. ಹೀಗಿರುವಾಗ ಒಂದು ಶಾಲೆಯ ಓಟದ ಪಂದ್ಯಕ್ಕೆ ಕರೆದರು. ಮಕ್ಕಳು ಹೊರಟರು, ನಾನು ಒತ್ತಿ ಹಿಡಿದೆ. ಮೊದಲಿನವಳು ರಿಬ್ಬನ್ನಿನ ಹತ್ತಿರ ಬರುತ್ತಿದ್ದಾಳೆ ಅನ್ನುವಾಗ ಕ್ಯಾಮೆರಾ ಕುಂಟಿತು, ನಿಂತಿತು. ಮಾಮಾ, ನನ್ನ ಬೆರಳಿಗೇನು ವಯಸ್ಸಾಗಿತ್ತು?

ಮರುದಿನ ಬೆಳಗ್ಗೆ ಸ್ಟುಡಿಯೋದ ಬಾಗಿಲು ಮುಂದೆ ಮಾಡಿ, ತಿರುಗುವ ಫ್ಯಾನಿಗೆ ಕ್ಯಾಮೆರಾ ಹಿಡಿದು ಒತ್ತಿದೆ. ನಿಂತಿತು. ಕಾದೆ. ಮತ್ತೆ ಒತ್ತಿದೆ, ಮತ್ತೆ ನಿಂತಿತು. ಆಗ ಕಂಡದ್ದು, ಕಾರ್ಡ್ ಹಾಕುವ ಮುಚ್ಚಳದ ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಅದು ಉರಿಯುತ್ತಿದ್ದಷ್ಟು ಹೊತ್ತು ಕ್ಯಾಮೆರಾ ಒಳಗೊಳಗೇ ಏನೋ ಕೆಲಸ ಮಾಡುತ್ತಿತ್ತು. ಕಣ್ಣಿಟ್ಟು ನೋಡುವ ಕಿಂಡಿಯ ಮೂಲೆಯಲ್ಲಿ ಒಂದು ಅಂಕಿಯೂ ಇತ್ತು. ಒತ್ತಿ ಹಿಡಿದರೆ ಇಳಿಯುತ್ತದೆ, ಬೆರಳು ತೆಗೆದು ಕಾದರೆ ಏರುತ್ತದೆ. ಸೊನ್ನೆಗೆ ಬಂದಾಗಲೇ ಕ್ಯಾಮೆರಾ ನಿಲ್ಲುತ್ತಿತ್ತು. ನಾವಿಬ್ಬರೂ ಅದನ್ನು ಎಷ್ಟು ಸಲ ನೋಡಿಲ್ಲ! ಒಂದು ಸಲವಾದರೂ ಅದೇನೆಂದು ಕೇಳಿದೆವೇ?

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವುದನ್ನು ನೋಡಿದ್ದೀರಲ್ಲ, ಹಾಗೆಂದುಕೊಳ್ಳಿ. ಲಾರಿಯಿಂದ ಈರುಳ್ಳಿ ಚೀಲಗಳನ್ನು ಕಟ್ಟೆಯ ಮೇಲೆ ಎಸೆಯುತ್ತಾರೆ. ಕಟ್ಟೆಯಿಂದ ಹಮಾಲರು ಒಂದೊಂದೇ ಹೊತ್ತು ಒಳಗಿನ ಗೋದಾಮಿಗೆ ಹಾಕುತ್ತಾರೆ. ಎಸೆಯುವುದು ಬೇಗ, ಹೊರುವುದು ನಿಧಾನ. ಕಟ್ಟೆ ತುಂಬಿತೆಂದರೆ ಲಾರಿಯವನು ಕೈಕಟ್ಟಿ ನಿಲ್ಲಲೇಬೇಕು. ಕ್ಯಾಮೆರಾದೊಳಗೂ ಅಂಥದೊಂದು ಕಟ್ಟೆ ಇದೆ, ಬಫರ್ ಎನ್ನುತ್ತಾರೆ. ಹೊಡೆದ ಫೋಟೋ ಮೊದಲು ಅಲ್ಲಿ ಬೀಳುತ್ತದೆ, ಆಮೇಲೆ ಕಾರ್ಡಿಗೆ ಹೋಗುತ್ತದೆ. ನಮ್ಮ ಕಾರ್ಡು ನಿಧಾನದ್ದು. ಅದರ ಮೇಲೆ ನೀವು ಪ್ರತಿ ಫೋಟೋವನ್ನೂ ಎರಡೆರಡು ಬಗೆಯಲ್ಲಿ ಉಳಿಸುವಂತೆ ಇಟ್ಟಿದ್ದಿರಿ: ದೊಡ್ಡ ರಾ ಫೈಲು ಒಂದು, ಚಿಕ್ಕ ಜೆಪೆಗ್ ಫೈಲು ಒಂದು. ಕಟ್ಟೆ ಬೇಗ ತುಂಬದೆ ಇನ್ನೇನು? ಬರೀ ಜೆಪೆಗ್ ಇಟ್ಟು ನೋಡಿದೆ, ತುಂಬುವುದು ತಡವಾಯಿತು. ಬಿರುಸಿನ ಕಾರ್ಡು ಹಾಕಿದೆ, ಬೇಗ ಖಾಲಿಯಾಯಿತು. ಇಷ್ಟೇ ಮಾಮಾ. ಇಷ್ಟಕ್ಕೆ ನೀವು...

ರೀಲಿನ ಕಾಲದಲ್ಲಿ ನೀವು ಕೆಲಸ ಮಾಡುತ್ತಿದ್ದ ಬಗೆ ನೆನಪಾಯಿತು. ರೀಲು ತುಂಬಾ ಹಿಡಿತದಿಂದ ಬಳಸಬೇಕು ಎನ್ನುತ್ತಿದ್ದಿರಿ. ಕುಸ್ತಿಯ ಕಣದ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತು, “ಕಾಲ ನೋಡಬ್ಯಾಡ ಸುಮಿ, ಭುಜ ನೋಡು. ಭುಜ ಮೊದಲ ಹೇಳ್ತದ” ಎನ್ನುತ್ತಿದ್ದಿರಿ. ಭುಜ ತಿರುಗಿತೆಂದರೆ ಟಕ್, ಒಂದೇ ಫೋಟೋ. ಈ ಕ್ಯಾಮೆರಾಕ್ಕೂ ಬೇಕಾದದ್ದು ಅದೇ. ಕಾಯುವುದು, ಹೊತ್ತು ಬಂದಾಗ ಎರಡೋ ಮೂರೋ ಹೊಡೆಯುವುದು, ಬೆರಳು ತೆಗೆಯುವುದು. ನಿಮಗೆ ಬರುತ್ತಿದ್ದ ವಿದ್ಯೆಯನ್ನೇ ಆ ಮಾರಾಟದವನ ಮಾತು ಕೇಳಿ ನೀವು ಬದಿಗಿಟ್ಟಿರಿ. ನಾನು ತಿರುಗಿ ಎತ್ತಿಕೊಂಡೆ. ಈಗ ಪಂದ್ಯಗಳಿಗೆ ನಾನೇ ಹೋಗುತ್ತೇನೆ, ಕರೆಯುವವರಿಗೂ ಕಡಿಮೆಯಿಲ್ಲ. ಬೀಗುತ್ತಿದ್ದೇನೆ ಎಂದುಕೊಳ್ಳಿ, ಪರವಾಗಿಲ್ಲ.

ಈ ಚಳಿಗಾಲದಲ್ಲಿ ದೌಂಡದ ರೈಲ್ವೆ ಮೈದಾನದ ಹತ್ತಿರ ನಡೆದ ಪಂದ್ಯದಲ್ಲಿ ನನ್ನ ಪಕ್ಕಕ್ಕೆ ಒಬ್ಬರು ಫೋಟೋದವರು ಕೂತಿದ್ದರು. ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು, ತಲೆಗೆ ಬಿಳಿ ಟೋಪಿ. ಶಿಂದೆ ಕಾಕಾ ಎಂದು ಎಲ್ಲರೂ ಕರೆಯುತ್ತಿದ್ದರು. ಮೊದಲರ್ಧ ಮುಗಿಯುವ ಹೊತ್ತಿಗೆ ಅವರ ಕ್ಯಾಮೆರಾ ಟಕಟಕ ಎಂದು ಕುಂಟಿ ನಿಂತಿತು. ಅವರು ಅದರ ಬೆನ್ನಿಗೆ ಎರಡೇಟು ಹಾಕಿದರು. ನಾನು ತಡೆಯಲಾರದೆ ಕನ್ನಡದಲ್ಲೇ, “ಅಯ್ಯ, ಹೊಡೀಬ್ಯಾಡ್ರಿ!” ಎಂದುಬಿಟ್ಟೆ.

ಅವರು ತಿರುಗಿ ನೋಡಿದರು. “ಕನ್ನಡದಾಕಿ ಏನವಾ? ನಾನೂ ಸೋಲಾಪುರದಾಂವ.” ಆಮೇಲೆ ದನಿ ತಗ್ಗಿಸಿ, “ಇದೇ ನನ್ನ ಕಡೀ ಪಂದ್ಯ ಬಿಡು. ಸಾಕು ಮಾಡ್ರಿ ಅಂತಾನ ಮಗ. ಖರೇ ಅದ, ಕೈ ಮಾತು ಕೇಳವಲ್ದು” ಎಂದರು.

ಮಾಮಾ, ಅದು ನಿಮ್ಮದೇ ಮಾತು. ಆದರೆ ಅಳಲು ಹೊತ್ತಿರಲಿಲ್ಲ, ಎರಡನೆಯ ಅರ್ಧ ಶುರುವಾಗುವುದರಲ್ಲಿತ್ತು.

“ಕೈಗೆ ಏನೂ ಆಗಿಲ್ರಿ ಕಾಕಾ. ಕ್ಯಾಮೆರಾ ತರ್ರಿ ಇಲ್ಲಿ,” ಎಂದೆ. ರಾ ತೆಗೆದು ಜೆಪೆಗ್ ಒಂದನ್ನೇ ಇಟ್ಟೆ. ಮೂಲೆಯ ಅಂಕಿ ತೋರಿಸಿದೆ. “ಇದು ಸೊನ್ನಿ ಆತಂದ್ರ ನಿಂತಬಿಡ್ತದ್ರಿ. ಒತ್ತಿ ಹಿಡೀಬ್ಯಾಡ್ರಿ. ಆಕಿ ಭುಜ ತಿರುಗೂತನಾ ತಡೀರಿ.”

“ಅಂದ್ರ, ಇಷ್ಟು ದಿನ ಇದು ತುಂಬಿ ನಿಲ್ತಿತ್ತ?”

“ಹೌದ್ರಿ.”

“ನನ್ನ ಕೈ ಅಲ್ಲ?”

“ಅಲ್ರಿ ಕಾಕಾ.”

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಅಷ್ಟೇ.

ಕೊನೆಯ ರೇಡಿನಲ್ಲಿ ಎರಡೂ ಕಡೆ ಅಂಕ ಸಮ. ಒಳಗೆ ಹೋದವಳು ತೆಳ್ಳಗಿನ ಹುಡುಗಿ, ಎದುರಿಗೆ ನಾಲ್ವರು ಕೈ ಕೈ ಹಿಡಿದು ನಿಂತಿದ್ದರು. ನಾನು ಕಾಯುತ್ತಿದ್ದೆ, ಪಕ್ಕದಲ್ಲಿ ಕಾಕಾನ ಕ್ಯಾಮೆರಾವೂ ಮೌನ. ಅವಳನ್ನು ಕಾಲು ಹಿಡಿದು ಕೆಡವಿದರು. ಬಿದ್ದವಳು ಮೈ ಚಾಚಿ, ಅವರನ್ನೆಲ್ಲ ಎಳೆದುಕೊಂಡೇ ಬೆರಳ ತುದಿಯಿಂದ ಗೆರೆ ಮುಟ್ಟಿದಳು. ಟಕಟಕಟಕ! ಇಬ್ಬರೂ ಒಟ್ಟಿಗೇ ಹೊಡೆದೆವು. ನನ್ನ ಫೋಟೋದಲ್ಲಿ ಬಂದದ್ದು ಅಡ್ಡ ಓಡಿದ ರೆಫರಿಯ ಪ್ಯಾಂಟು. ಕಾಕಾನ ಫೋಟೋದಲ್ಲಿ ಆ ಹುಡುಗಿಯ ಬೆರಳು, ಗೆರೆಯ ಸುಣ್ಣ, ಅವಳ ಹಲ್ಲಿಗಂಟಿದ ಮಣ್ಣು, ಎಲ್ಲ ಇತ್ತು. ಮರುದಿನದ ಪೇಪರಿನಲ್ಲಿ ಬಂದದ್ದೂ ಅದೇ. ಪಂದ್ಯ ಮುಗಿದ ಮೇಲೆ ಚಹಾದವನಿಂದ ಹಿಡಿದು ಟಿಕೆಟ್ ಕಿಟಕಿಯವರವರೆಗೆ ಎಲ್ಲರಿಗೂ ತೋರಿಸುತ್ತ ಅವರು ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ಈಗ ಪಂದ್ಯವೆಲ್ಲಿದ್ದರೂ ಅವರದೇ ಮೊದಲ ಫೋನು. ಮಗ ಸುಮ್ಮನಾಗಿದ್ದಾನಂತೆ.

ರೈಲಿನಲ್ಲಿ ಬರುವಾಗ ಮಾತ್ರ ಸ್ವಲ್ಪ ಅತ್ತುಬಿಟ್ಟೆ. ‘ಕೈಗೆ ಏನೂ ಆಗಿಲ್ಲ’ ಎಂಬ ಆ ಮಾತನ್ನು ನಿಮಗೆ ಹೇಳಬೇಕಿತ್ತು, ನೀವು ಟೋಪಿ ಇಲ್ಲದಿದ್ದರೂ ಹಣೆ ಒರೆಸಿಕೊಳ್ಳುವುದನ್ನು ನಾನು...

ಇನ್ನು ಮನೆಯ ಸಮಾಚಾರ. ಹೋದ ವಾರ ಊಟಕ್ಕೆ ಕೂತಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೊನೆಯವರೆಗೂ ಕೇಳಿದರು. ಆಮೇಲೆ, “ಮದಿವ್ಯಾದಾಗಿಂದ ರವಿವಾರ ಬಂತಂದ್ರ ಮೈದಾನಕ್ಕ ಓಡೋರು. ನಾ ಒಂದಿನಾನೂ ಹೋಗಿಲ್ಲ ನೋಡು” ಎಂದರು. ತಟ್ಟೆ ಬದಿಗೆ ಸರಿಸಿ, “ಸುಮಿ, ನನ್ನೂ ಕರಕೊಂಡು ಹೋಗು. ಇಷ್ಟು ವರ್ಷ ಅವರು ಏನ ನೋಡ್ತಿದ್ರು ಅಂತ ನಾನೂ ನೋಡ್ತೀನಿ.”

ಬರುವ ರವಿವಾರ ಹೊರಟಿದ್ದೇವೆ. ಈಗಾಗಲೇ ಸೀರೆ ತೆಗೆದಿಟ್ಟಿದ್ದಾರೆ, ರೊಟ್ಟಿ ಕಟ್ಟಿಕೊಳ್ಳೋಣವೆಂದು ಹಟ ಹಿಡಿದಿದ್ದಾರೆ. ಗೆರೆಯ ಹತ್ತಿರವೇ, ನೆರಳು ಬೀಳುವ ಕಡೆ ಕೂರಿಸುತ್ತೇನೆ. ಎಲ್ಲವೂ ಕಾಣಬೇಕು ಅವರಿಗೆ.

ನಿಮ್ಮ
ಸುಮಿ