ಟಾಸ್ಕ್ ಮ್ಯಾನೇಜರ್ ತೆರೆಯಿತು

ಜೂನ್ 11, ಬುಧವಾರ

ತೆರೆಯಿತು! ಆರು ವರ್ಷಗಳಿಂದ ‘ನಿಮಗೆ ಅನುಮತಿಯಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ ಟಾಸ್ಕ್ ಮ್ಯಾನೇಜರ್ ಇವತ್ತು ತೆರೆಯಿತು. ಇಷ್ಟು ದಿನ ಗ್ರಂಥಾಲಯದ ಪುಸ್ತಕಪಟ್ಟಿ ಅಲುಗಾಡದೆ ನಿಂತಾಗಲೆಲ್ಲ, ಅದನ್ನು ಟಾಸ್ಕ್ ಮ್ಯಾನೇಜರಿನಿಂದ ಮುಚ್ಚಿಸಲಾಗದೆ, ನಾನು ಪ್ಲಗ್ಗನ್ನೇ ಕೀಳಬೇಕಿತ್ತು.

ಇವತ್ತೂ ಊಟದ ಹೊತ್ತಿಗೇ ನಿಂತಿತು. ಕಿಮ್ಚಿ ಸಾರು ಆರಿದರೆ ಆರಲಿ ಎಂದು ರೇಗಿ, ಕೇಂದ್ರ ಕಚೇರಿಯ ಕಂಪ್ಯೂಟರ್ ವಿಭಾಗದ ತಾಕ್ ಅವರಿಗೆ ಫೋನ್ ಮಾಡಿದೆ.

“ಅದೇ ಕಂಪ್ಯೂಟರಲ್ಲಿ ಬೇರೆಯವರ ಲಾಗಿನ್ ಹಾಕಿ ನೋಡಿ,” ಎಂದರು.

ಪಕ್ಕದ ಮೇಜಿನ ಯೊನ್-ಜು ಮೊದಲಿಂದಲೂ ಕಾಯಂ ನೌಕರಳು. ಅವಳ ಲಾಗಿನ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತಟ್ಟನೆ ತೆರೆಯಿತು.

“ಹಾಗಾದ್ರೆ ತೊಂದ್ರೆ ಕಂಪ್ಯೂಟರದ್ದಲ್ಲ. ಅಯ್ಯೋ ಮೇಡಂ, ನೀವಿನ್ನೂ ತಾತ್ಕಾಲಿಕ ನೌಕರರ ಗುಂಪಲ್ಲೇ ಇದ್ದೀರಲ್ಲ!” ಎಂದರು ತಾಕ್.

ನಾನು ಕಾಯಂ ಆಗಿದ್ದು ಮಾರ್ಚ್‌ನಲ್ಲಿ. ಆ ಖುಷಿಗೆ ಇಡೀ ಗ್ರಂಥಾಲಯಕ್ಕೆ ಅಕ್ಕಿ ಕಡುಬು ಹಂಚಿದ್ದೆ.

“ಕಂಪ್ಯೂಟರಿಗೊಂದು ಕಡುಬು ಕೊಡೋದು ಮರ್ತ್ರಾ ಅಕ್ಕ? ಅದಕ್ಕೇ ಮುನಿಸ್ಕೊಂಡಿದೆ ನೋಡಿ,” ಎಂದು ಯೊನ್-ಜು ನಕ್ಕಳು.

ತಾಕ್ ನನ್ನ ಗುಂಪು ಬದಲಿಸಿದರು. ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದೆ.

ಆಮೇಲೆ ಸಂಜೆಯವರೆಗೂ ಒಂದು ಪ್ರೋಗ್ರಾಮೂ ನಿಲ್ಲಲಿಲ್ಲ. ಆದರೂ ನಾಲ್ಕು ಸಲ ಟಾಸ್ಕ್ ಮ್ಯಾನೇಜರ್ ತೆರೆದು, ಸುಮ್ಮನೆ ನೋಡಿ ಮುಚ್ಚಿದೆ. ಕಾಯಂ ಆದ ಆದೇಶಪತ್ರ ಕೈಗೆ ಬಂದ ದಿನವೂ ನಾನು ಪೂರ್ತಿ ನಂಬಿರಲಿಲ್ಲ. ಇವತ್ತು ನಂಬಿದೆ.