ಇಬ್ಬರೂ ಒಪ್ಪದ ಹಾಡು

ಇಳಿತದ ನೂರ ಹನ್ನೆರಡನೇ ವರ್ಷ,
ಹದಿಮೂರನೇ ತಿಂಗಳು, ನಲವತ್ತನೇ ದಿನ.
ಎರಡನೇ ಹಂತ, ಕೋಲಾರದ ಗಣಿಯೂರು.

ಸಲೋಮಿ ಅಜ್ಜಿಗೆ,

ಮೇಲಿನ ತಾರೀಖು ನಿನಗೆ ಅರ್ಥವಾಗಲಾರದು. ಮೊದಲು ಅದಕ್ಕೇ ಕ್ಷಮೆ ಕೇಳುತ್ತೇನೆ. ನಮ್ಮ ಜನ ನೆಲದ ಮೇಲಿನ ಊರುಗಳನ್ನು ಬಿಟ್ಟು ಹಳೆಯ ಚಿನ್ನದ ಗಣಿಯೊಳಗೆ ಇಳಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದನ್ನೇ ಇಳಿತ ಎನ್ನುತ್ತೇವೆ. ಬೇಸಿಗೆಯ ಅತಿ ಕೆಟ್ಟ ನಲವತ್ತೈದು ದಿನಗಳನ್ನು ಹಿರಿಯರು ಬೇರೆ ತೆಗೆದು ಹದಿಮೂರನೇ ತಿಂಗಳೆಂದು ಹೆಸರಿಟ್ಟರು. ಈ ಕಾಗದ ಕೈಸೇರುವಾಗ ನೀನು ಇಪ್ಪತ್ನಾಲ್ಕರ ಹುಡುಗಿ, ನನಗೆ ಮೂವತ್ತೆಂಟು. ಆದರೂ ನೀನು ನನ್ನ ಮುತ್ತಜ್ಜಿಯ ಅಜ್ಜಿ. ಬೇರೆ ಹೇಗೆ ಕರೆಯಲಿ? ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಹಾಳೆಗಳಿಂದ ಕಲಿತವಳು ನಾನು. ಮಾತು ಅಲ್ಲಲ್ಲಿ ಒರಟಾಗಿ ಕಂಡರೆ ಹೊಟ್ಟೆಗೆ ಹಾಕಿಕೋ.

ಮೂರನೇ ಹಂತದಲ್ಲಿ ಹಿಂದಣ ಪೆಟ್ಟಿಗೆ ಎಂಬುದೊಂದಿದೆ. ಅದರ ಮೂಲಕ ಒಬ್ಬರು ಬದುಕಿನಲ್ಲಿ ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ತಲುಪಿತೋ ಇಲ್ಲವೋ ತಿಳಿಯುವುದಿಲ್ಲ, ಮರುಉತ್ತರವೂ ಬರುವುದಿಲ್ಲ. ಜನ ಅದನ್ನು ಬೆಂಕಿ, ಪ್ರವಾಹ, ಕಾಯಿಲೆಗಳ ಎಚ್ಚರಿಕೆ ಕೊಡಲು ಉಳಿಸಿಕೊಳ್ಳುತ್ತಾರೆ. ಒಂದು ಹಾಡಿನ ವಿಷಯಕ್ಕೆ ನನ್ನ ಸರದಿ ಬಳಸುತ್ತೇನೆ ಎಂದಾಗ ಪೆಟ್ಟಿಗೆ ಕಾಯುವ ಹೆಂಗಸು ನನ್ನ ಮುಖವನ್ನೇ ನೋಡಿದಳು.

ನೀನು ಚಲಪತಿ ಎಂಬವನ ಜೊತೆ ಸೇರಿ ರಾಬರ್ಟ್‌ಸನ್‌ಪೇಟೆಯ ಒಂದು ಶೆಡ್ಡಿನಲ್ಲಿ ರಾಕ್ ಹಾಡು ಕಟ್ಟುತ್ತಿದ್ದೆ, ಒಂದು ದಿನ ಇಬ್ಬರೂ ಮಾತು ಬಿಟ್ಟಿರಿ, ಆಮೇಲೆ ನೀನು ಸಾಯುವವರೆಗೆ ಹಾಡಲಿಲ್ಲ. ನಮ್ಮ ಮನೆಯಲ್ಲಿ ಉಳಿದಿರುವ ಸುದ್ದಿ ಇಷ್ಟೇ. ಯಾಕೆ ಬಿಟ್ಟಿರೋ ಗೊತ್ತಿಲ್ಲ. ಈ ಕಾಗದ ಆ ದಿನಕ್ಕಿಂತ ಮುಂಚೆ ತಲುಪಲಿ ಎಂದು ಬೇಡಿಕೊಳ್ಳುತ್ತ ನನ್ನ ಕತೆ ಬರೆಯುತ್ತಿದ್ದೇನೆ.

ನನ್ನ ಹೆಸರು ಮುನಿರೋಜಾ. ನಾವಿರುವುದು ಗಣಿಯ ಮೇಲಿನ ನಾಲ್ಕೇ ಹಂತಗಳಲ್ಲಿ. ಇನ್ನೂ ಕೆಳಗಿಳಿದರೆ ಬಂಡೆಯೇ ಸುಡುತ್ತದೆ. ಮುದ್ದೆ ಇನ್ನೂ ಉಣ್ಣುತ್ತೇವೆ, ಆದರೆ ರಾಗಿ ಬೆಳೆಯುವುದು ದೀಪದ ಕೆಳಗೆ. ನೀರು ಸರದಿಯ ಮೇಲೆ ಬರುತ್ತದೆ, ಬೆಳಕು ಪಾಳಿಯ ಮೇಲೆ. ಊರಿಗೆಲ್ಲ ಉಸಿರು ಕೊಡುವುದು ಗಾಳಿಮನೆ. ಮನೆಯೆತ್ತರದ ಹನ್ನೆರಡು ಫ್ಯಾನುಗಳು ಹಗಲಿರುಳು ತಿರುಗುವ ಜಾಗ ಅದು. ಅದರ ಗುಂಯ್‌ಗುಡುವಿಕೆ ನಿಂತ ಕ್ಷಣವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಗಟ್ಟಿಯಾಗಿ ಹಾಡದಿದ್ದರೆ ಇಲ್ಲಿ ಯಾರಿಗೂ ಏನೂ ಕೇಳಿಸದು. ನಿಮ್ಮ ಕಾಲದ ಎಷ್ಟೋ ಸಂಗೀತ ಸತ್ತು ರಾಕ್ ಉಳಿದಿರುವುದು ಬಹುಶಃ ಇದಕ್ಕೇ. ನಮ್ಮ ತಂಡದ ಹೆಸರು ಬಂಡೆಮಕ್ಕಳು. ಮನೆಗಳಿಗೆ ಕರೆಂಟು ಅಳತೆಯಲ್ಲೇ ಸಿಗುವುದರಿಂದ ಹಾಡು ಕೇಳಲು ಬರುವವರು ತಲಾ ಒಂದು ತುಂಬಿದ ಬ್ಯಾಟರಿ ತರುತ್ತಾರೆ. ಅವನ್ನೆಲ್ಲ ಸಾಲಾಗಿ ಜೋಡಿಸಿ ಗಿಟಾರು, ಮೈಕುಗಳಿಗೆ ಕರೆಂಟು ಕೊಡುತ್ತೇವೆ. ಜನ ಕಡಿಮೆ ಬಂದ ದಿನ ಹಾಡು ಅರ್ಧಕ್ಕೇ ನಿಂತುಹೋಗುವುದೂ ಉಂಟು.

ಮಾತು ಬರೆದು ಹಾಡುವವಳು ನಾನು. ರಾಗ ಕಟ್ಟಿ ಗಿಟಾರು ನುಡಿಸುವವನು ಸಂಪಂಗಿ. ಹದಿನಾರನೇ ವಯಸ್ಸಿನಿಂದ ನಾವಿಬ್ಬರೂ ಜೊತೆ. ಗಂಡ ಹೆಂಡತಿ ಅಲ್ಲ, ಅಣ್ಣ ತಂಗಿಯೂ ಅಲ್ಲ. ಆ ನಂಟಿಗೆ ಇಲ್ಲಿ ಹೆಸರಿಲ್ಲ. ಡ್ರಮ್ಮು ಬಾರಿಸುವ ಬಾಬಾಜಾನ್ ನಮ್ಮನ್ನು ‘ಜಗಳದ ಜೋಡಿ’ ಎನ್ನುತ್ತಿದ್ದ. ನಾವಿಟ್ಟುಕೊಂಡ ನೇಮ ಒಂದೇ: ಇಬ್ಬರೂ ಒಪ್ಪದ ಹಾಡನ್ನು ಮೂರನೆಯವರ ಮುಂದೆ ಹಾಡಬಾರದು. ಒಮ್ಮೆ ನೀರಿನ ಸರದಿಯ ಬಗ್ಗೆ ಬರೆದ ಹಾಡಿನಲ್ಲಿ ನಾನು ‘ದಾಹ’ ಎಂದು ಹಾಕಿದ್ದೆ. ಸಂಪಂಗಿ ಹದಿನೇಳು ದಿನ ಜಗಳವಾಡಿದ.

“ದಾಹ ಪುಸ್ತಕದಲ್ಲಿ ಆಗ್ತೈತೆ ರೋಜಿ,” ಅಂದ. “ನಂಗೆ ಆಗೋದು ಬಾಯಾರ್ಕೆ.”

ಕೊನೆಗೆ ಪದ ಬದಲಾಯಿತು. ಅದಕ್ಕೆ ಪ್ರತಿಯಾಗಿ ಅವನು ಪ್ರಾಣದಂತೆ ಇಟ್ಟುಕೊಂಡಿದ್ದ ಒಂದು ಗಿಟಾರಿನ ತುಣುಕನ್ನು ನಾನು ಕಿತ್ತುಹಾಕಿಸಿದೆ. ಹಾಡು ಗಟ್ಟಿಯಾಗಿ ನಿಂತದ್ದು ಹಾಗೆ ಎಳೆದಾಡಿದ್ದರಿಂದಲೇ. ನನ್ನೊಬ್ಬಳದಾಗಿದ್ದರೆ ಅದು ಬರೀ ಕವಿತೆ, ಅವನೊಬ್ಬನದಾಗಿದ್ದರೆ ಬರೀ ಗದ್ದಲ.

ಎರಡು ವರ್ಷದ ಹಿಂದೆ ಅವನು ಜಗಳವಾಡುವುದನ್ನು ನಿಲ್ಲಿಸಿದ. ಏನು ತೋರಿಸಿದರೂ “ನಿನ್ನಿಷ್ಟ” ಎನ್ನುತ್ತಿದ್ದ. ರಾಗ ಬದಲಿಸಿದರೆ “ನಿನ್ನಿಷ್ಟ.” ಚರಣ ಕತ್ತರಿಸಿದರೆ “ನಿನ್ನಿಷ್ಟ.” ಮೊದಮೊದಲು ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ ಅಜ್ಜಿ, ಖುಷಿಯೇ ಆಯಿತು. ಆಮೇಲೆ ರೇಗತೊಡಗಿತು. ನನ್ನ ಜೊತೆ ಕೂತು ತಲೆ ಕೆಡಿಸಿಕೊಳ್ಳುವಷ್ಟು ಬೆಲೆಯೂ ಈ ಕೆಲಸಕ್ಕಿಲ್ಲವೇ ಎನಿಸಿತು. ಅವನ ರಾಗಗಳೂ ಸಪ್ಪೆಯಾಗುತ್ತ, ತಗ್ಗಿನ ಸ್ವರಗಳಲ್ಲೇ ಸುತ್ತುತ್ತಿದ್ದವು. ಸೋಮಾರಿಯಾದ ಎಂದುಕೊಂಡೆ. ಮೇಲಿನ ಸ್ವರಗಳನ್ನು ನಾನೇ ತುಂಬಿದೆ. ಹಾಡುಗಳೆಲ್ಲ ಮೆಲ್ಲಗೆ ನನ್ನವಾದವು. ಊರಿನವರೂ ‘ರೋಜಿಯ ಹಾಡು’ ಎನ್ನತೊಡಗಿದರು. ನಾನು ತಿದ್ದಲಿಲ್ಲ.

ಕಳೆದ ಚಳಿಗಾಲದ ಮೊದಲಲ್ಲಿ ಅವನು ಒಂದು ಹಾಡು ತಂದ. ಮಾತು, ರಾಗ ಎರಡೂ ಅವನದೇ. ಹಿಂದೆಂದೂ ಹಾಗಾಗಿರಲಿಲ್ಲ. ಕಾಳು ಒಣಗಿಸುವ ಕೋಣೆಯಲ್ಲಿ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಒಂದೇ ಸಲ ಹಾಡಿದ. ಮೊದಲ ಸಾಲುಗಳು ಹೀಗಿದ್ದವು:

ಅಮ್ಮ ನೀನು ಕರೆದೆಯಂತೆ,
ಓಗೊಡಲಿಲ್ಲ ನಾನು.

ಮೂರೇ ಸ್ವರ. ಮಾತು ತೀರಾ ಸಾದಾ. ನನ್ನ ಎದೆಯಲ್ಲಿ ಏನೋ ಚುಚ್ಚಿತು. ಅದು ಮೆಚ್ಚುಗೆಯೋ ಹೊಟ್ಟೆಕಿಚ್ಚೋ ಎಂದು ಬಗೆಹರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

“ಇದನ್ನ ಹಂಗೇ ಬುಟ್ಬುಡು ರೋಜಿ,” ಅಂದ. “ಒಂದಕ್ಷರಾನೂ ಮುಟ್ಬೇಡ.”

“ಎರಡು ವರ್ಷ ಎಲ್ಲಾ ನನ್ನ ತಲೆಗೆ ಕಟ್ಟಿ, ಈಗ ಮುಟ್ಬೇಡ ಅಂತೀಯಾ?”

 ಅವನು ಹಾಳೆ ಕೊಟ್ಟು ಪಾಳಿಗೆ ಹೋದ. ಅವನ ಕೆಲಸ ಗಾಳಿಮನೆಯಲ್ಲಿ, ಆ ಹನ್ನೆರಡು ಫ್ಯಾನುಗಳ ನಡುವೆ; ಇಪ್ಪತ್ತು ವರ್ಷದಿಂದ.

ನಾನು ಮುಟ್ಟಿದೆ. ಮೊದಲ ಚರಣ ಉಳಿಸಿಕೊಂಡೆ. ಉಳಿದದ್ದನ್ನು ಅವನ ಹಾಳೆಯ ಮೇಲೆಯೇ ಹೊಡೆದುಹಾಕಿ, ನನ್ನ ಮಾತು ಬರೆದೆ. ಎರಡನೇ ಭಾಗದ ರಾಗವನ್ನು ಮೇಲಿನ ಸ್ವರಕ್ಕೆ ಎತ್ತಿದೆ. ಅವನು ಪಾಳಿಯಲ್ಲಿದ್ದಾಗ ತಂಡಕ್ಕೆ ಕಲಿಸಿದೆ. “ಅವ್ನು ಒಪ್ಪವ್ನಾ?” ಎಂದು ಬಾಬಾಜಾನ್ ಕೇಳಿದಾಗ ಹೂಂ ಅಂದೆ. ಆದರೂ ಮನಸ್ಸು ಅಳುಕಿ, ಹೊಸದನ್ನು ಹಾಡಿ, ಧ್ವನಿ ಮುದ್ರಿಸಿ ಸಂಪಂಗಿಯ ಮನೆಗೆ ಕಳಿಸಿದೆ. ಮಾರನೇ ದಿನ ನೀರಿನ ಸಾಲಿನಲ್ಲಿ ಅವನು ಸಿಕ್ಕ. ಕಳಿಸಿದ್ದನ್ನು ಕೇಳಿದೆಯಾ ಎಂದೆ.

ನನ್ನ ತುಟಿಗಳನ್ನು ನೋಡಿ ತಲೆಯಾಡಿಸಿದ. “ಕೇಳ್ದೆ, ಕೇಳ್ದೆ. ಚೆನ್ನಾಗೈತೆ.”

ಜಗಳ ಬರುತ್ತದೆಂದು ಸಿದ್ಧಳಾಗಿ ಹೋಗಿದ್ದೆ. ಬರಲಿಲ್ಲವಲ್ಲ ಎಂದು ಹಗುರಾದೆ. ಅಲ್ಲೇ ಒಂದು ಮಾತು, ಒಂದೇ ಒಂದು ಮಾತು ಕೆದಕಿದ್ದರೆ!

ಮೇಲ್ದಿನ ಬಂತು. ಚಳಿಗಾಲದಲ್ಲಿ ಬಿಸಿಲು ತಡೆಯುವಷ್ಟು ತಗ್ಗಿದಾಗ ಊರಿನವರೆಲ್ಲ ನೆಲದ ಮೇಲೆ ಹೋಗಿ ಕಳೆಯುವ ಹಬ್ಬ ಅದು. ನಿನಗೂ ಗೊತ್ತಿರುವ, ಗಣಿಯ ಕಸಮಣ್ಣಿನ ಸೈನೈಡ್ ದಿಬ್ಬದ ತಪ್ಪಲಿನ ಬಯಲಿನಲ್ಲಿ ಮಧ್ಯಾಹ್ನ ನಾನೂರು ಜನ ಸೇರಿದ್ದರು. ಸಂಪಂಗಿಯ ತಾಯಿ ಪುಟ್ಟಮುನಿಯಮ್ಮ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಗ ತನ್ನ ಮೇಲೊಂದು ಹಾಡು ಕಟ್ಟಿದ್ದಾನಂತೆ ಎಂದು ಪಕ್ಕದವರಿಗೆಲ್ಲ ಹೇಳಿಕೊಂಡಿದ್ದರು.

ಮೊದಲ ಚರಣ ಸರಿಯಾಗಿ ಸಾಗಿತು. ಎರಡನೆಯದಕ್ಕೆ ನಾನು ಮೇಲಿನ ಸ್ವರ ಹಿಡಿದೆ, ತಂಡ ನನ್ನ ಹಿಂದೆ ಬಂತು. ಸಂಪಂಗಿ ಮಾತ್ರ ಅದೇ ಮೂರು ಸ್ವರಗಳನ್ನು ನುಡಿಸುತ್ತಲೇ ಇದ್ದ. ಎರಡು ಹಾಡು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಕಿವಿ ಕಚ್ಚುವ ಸದ್ದು. ಬೇಕೆಂದೇ ಮಾಡುತ್ತಿದ್ದಾನೆ, ನಾನೂರು ಜನರ ಮುಂದೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಇನ್ನೂ ಜೋರಾಗಿ ಹಾಡಿದೆ. ತಿರುಗಿ ನೋಡಿದರೆ ಅವನ ಮುಖ ಶಾಂತವಾಗಿತ್ತು. ಕಣ್ಣು ಬಾಬಾಜಾನನ ಕೈಗಳ ಮೇಲಿತ್ತು. ತಾಳ ನೋಡಿಕೊಂಡು ನುಡಿಸುತ್ತಿದ್ದ. ಸಂತೋಷವಾಗಿದ್ದ, ಅಜ್ಜಿ. ತನ್ನ ಹಾಡು ನಾನೂರು ಜನಕ್ಕೆ ಕೇಳಿಸುತ್ತಿದೆ ಎಂದು ಸಂತೋಷವಾಗಿದ್ದ.

ಜನ ನಗತೊಡಗಿದರು. ಅವನು ಆ ಮುಖಗಳನ್ನು ನೋಡಿದ, ಆಮೇಲೆ ನನ್ನ ತುಟಿಗಳನ್ನು. ಅಲ್ಲಿ ಅವನ ಮಾತಿರಲಿಲ್ಲ.

ಕೈ ನಿಂತಿತು. ಗಿಟಾರನ್ನು ಕೊರಳಿಂದ ತೆಗೆದು ಮೆಲ್ಲಗೆ ನೆಲದ ಮೇಲಿಟ್ಟ. ಪುಟ್ಟಮುನಿಯಮ್ಮ ಎದ್ದು ನಿಂತು “ಸಂಪಂಗೀ! ಲೋ ಸಂಪಂಗೀ!” ಎಂದು ಕೂಗಿದರು. ಮಗ ಅವರಿಗೆ ಬೆನ್ನು ಹಾಕಿ ಇಳಿಯುವ ಬಾಗಿಲ ಕಡೆ ನಡೆಯುತ್ತಲೇ ಇದ್ದ. ಮೈಕಿನ ಮುಂದೆ ನಿಂತು, ಅವನ ಆ ಎರಡು ಸಾಲು ಏನು ಹೇಳುತ್ತಿದ್ದವು ಎಂದು ನನಗೆ ಆಗ ಅರ್ಥವಾಯಿತು.

ಫ್ಯಾನಿನ ಸದ್ದು ಅವನ ಕಿವಿಯನ್ನು ಮೇಲಿನ ಸ್ವರಗಳಿಂದ ಶುರುಮಾಡಿ ತಿನ್ನುತ್ತ ಬಂದಿತ್ತು. ಆ ಹಾಡು ಕಟ್ಟುವಾಗ ಅವನಿಗೆ ಉಳಿದಿದ್ದದ್ದು ತಗ್ಗಿನ ಮೂರು ಸ್ವರ; ಅದರಲ್ಲೇ ಕಟ್ಟಿದ್ದ. ಮೇಲ್ದಿನದ ಹೊತ್ತಿಗೆ ಅವೂ ಹೋಗಿದ್ದವು. ತಿಳಿದರೆ ತಂಡದಿಂದ ತೆಗೆಯುತ್ತೇನೆಂದು ನನಗೇ ಹೆದರಿ ಮುಚ್ಚಿಟ್ಟಿದ್ದನಂತೆ. ಬಾಬಾಜಾನ್ ಇದನ್ನೆಲ್ಲ ಪುಟ್ಟಮುನಿಯಮ್ಮನಿಂದ ಕೇಳಿಕೊಂಡು ಬಂದು ಹೇಳಿದ. ಆಮೇಲೆ ಕೇಳಿದ, “ಒಪ್ಪವ್ನೆ ಅಂದಿದ್ದೆ ನೀನು. ಅಲ್ವಾ?” ಅವತ್ತಿನಿಂದ ಅವನೂ ನನ್ನೊಡನೆ ಮಾತು ಕಡಿಮೆ ಮಾಡಿದ.

ನಾಲ್ಕು ತಿಂಗಳು ಸಂಪಂಗಿಯ ಬಾಗಿಲಿಗೆ ಅಲೆದೆ. ಬಾಗಿಲು ತಟ್ಟಿದರೆ ಕೇಳಿಸದು, ಸಂದಿಯಲ್ಲಿ ಚೀಟಿ ತೂರಿಸಿದರೆ ತೆಗೆಯನು. ಅವನ ಹಾಡನ್ನು ಮತ್ತೆ ಜೋಡಿಸಬೇಕೆಂದು ಹಟ ಹಿಡಿದೆ. ಹಾಳೆಯಲ್ಲಿ ನಾನು ಹೊಡೆದುಹಾಕಿದ್ದ ಸಾಲುಗಳನ್ನು ದೀಪಕ್ಕೆ ಹಿಡಿದು ಓದಲು ನೋಡಿದೆ. ಅಷ್ಟು ದಪ್ಪಗೆ ಗೀಚಿದ್ದೆ ನಾನು, ಒಂದು ಪದವೂ ಕಾಣಲಿಲ್ಲ.

ಕೊನೆಗೆ ಒಂದು ದಿನ ಬಾಗಿಲು ತೆರೆದ. ಮಾತಾಡುವುದು ಅವನು, ಸ್ಲೇಟಿನ ಮೇಲೆ ಬರೆಯುವುದು ನಾನು. ಆ ಸಾಲುಗಳನ್ನು ಮತ್ತೆ ಹೇಳು, ನಿನ್ನ ಹಾಡನ್ನು ನಿನ್ನ ಹಾಗೇ ಹಾಡುತ್ತೇನೆ ಎಂದು ಬರೆದೆ.

“ನಂಗೆ ನೆನಪಿಲ್ಲ,” ಅಂದ. ನೆನಪಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಗೋಡೆ ನೋಡುತ್ತ ಹೇಳಿದ, “ನೀನು ಮಾಡಿದ್ದೇ ಚೆನ್ನಾಗಿತ್ತೇನೋ ರೋಜಿ. ಇದ್ರೂ ಇರ್ಬೋದು. ಜಗಳ ಆಡಾಣ ಅಂದ್ರೆ ನಂಗೆ ಅದು ಹೆಂಗಿತ್ತು ಅಂತ್ಲೇ ಗೊತ್ತಿಲ್ವಲ್ಲ. ಯಾವತ್ತೂ ಗೊತ್ತಾಗಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ರಾಯಚೂರಿನ ಕಡೆ ಹಟ್ಟಿಯಲ್ಲಿ ಇನ್ನೊಂದು ಗಣಿಯೂರಿದೆ. ಅಲ್ಲಿಗೆ ತಿಂಗಳಿಗೊಮ್ಮೆ ಮುಚ್ಚುಬಂಡಿ ಹೋಗುತ್ತದೆ. ಬಿಸಿಲು ತಾಗದಂತೆ ದಪ್ಪ ಹೊದಿಕೆ ಹಾಕಿದ ಗಾಡಿ. ಕಲ್ಲು ಒಡೆಯುವ ಕೆಲಸಕ್ಕೆ ಹೆಸರು ಕೊಟ್ಟು, ತಾಯಿಯನ್ನೂ ಕರೆದುಕೊಂಡು ನಿನ್ನೆ ಬೆಳಿಗ್ಗೆ ಅವನು ಅದನ್ನು ಹತ್ತಿದ. ನಾನು ಸ್ಲೇಟು ಹಿಡಿದು ಓಡಿದೆ. ಇಪ್ಪತ್ತೆರಡು ವರ್ಷ ಮಾತು ಬರೆದವಳಿಗೆ ಹೊಳೆದದ್ದು ಎರಡೇ ಪದ: ‘ತಪ್ಪಾಯ್ತು. ಹೋಗಬೇಡ.’ ಅವನು ಓದಿದ. ಹೆಬ್ಬೆರಳಿನಿಂದ ಎರಡನೇ ಪದವನ್ನು ಒರೆಸಿದ. ಮೊದಲನೆಯದನ್ನು ಹಾಗೇ ಉಳಿಸಿ, ಸ್ಲೇಟನ್ನು ನನ್ನ ಕೈಗೆ ಕೊಟ್ಟು ಬಂಡಿಯೊಳಗೆ ಹೋದ.

ಅಜ್ಜಿ, ನನ್ನದು ಮುಗಿಯಿತು. ನಿನ್ನ ಮುಂದೆ ಇನ್ನೂ ದಿನಗಳಿವೆಯೆಂದು ನಂಬಿ ಕೈಮುಗಿದು ಕೇಳುತ್ತೇನೆ. ಚಲಪತಿ ಜಗಳವಾಡುತ್ತಿದ್ದರೆ ಹೆದರಬೇಡ, ಆಡಲಿ. ಅವನು ಸುಮ್ಮನಾದ ದಿನ ಹೆದರು. ನಿನ್ನ ಮಾತಿಗೆ ಬರೀ ತಲೆಯಾಡಿಸಿದರೆ ಗೆದ್ದೆನೆಂದು ಎದ್ದು ಹೋಗಬೇಡ. ಬಾಗಿಲು ಹಾಕಿ, ಎದುರಿಗೆ ಕೂರಿಸಿಕೊಂಡು, ಏನಾಯ್ತು ನಿನಗೆ ಎಂದು ಕೇಳು. ಹೇಳದಿದ್ದರೆ ಮತ್ತೆ ಕೇಳು. ರೇಗಿದರೂ ಕೇಳು. ಹೇಳುವ ತನಕ ಆ ಶೆಡ್ಡಿನಿಂದ ಅವನನ್ನು ಕಳಿಸಬೇಡ.

ನಿನ್ನ ಕುಲದ,
ಮುನಿರೋಜಾ