ಆಂಟ್ವರ್ಪಿನ ಹಮಾಲರು

ಜೂನ್ 3, 2024, ಸೋಮವಾರ

ಗಾಜು ಬಂತು. ಎರಡು ಒಡೆದಿವೆ — ವಾಪಸ್. ಬೆಳಿಗ್ಗೆಯಿಂದ ಮದುವೆ ಫೋಟೊಗಳಿಗೇ ಫ್ರೇಮ್ ಹಾಕಿದ್ದು.

ಮಧ್ಯಾಹ್ನ ಸಂಗಪ್ಪ ಸಾವಕಾರರು ಬಂದರು. ನಾನು ಬಾಡಿಗೆಗಿರುವ ಈ ಅಂಗಡಿಯ ಮಾಲೀಕರು. ಕೈಯಲ್ಲಿ ಉದ್ದನೆಯ ಸುರುಳಿ. ಪುಣೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ, ಕಿತ್ತೂರಿನ ಹೊಸ ಮನೆಯ ಹಾಲ್‌ಗೆ. ಬಿಡಿಸಿದೆ... ಟೇಬಲ್ ಸಾಲಲಿಲ್ಲ. ಆಂಟ್ವರ್ಪ್ ಎಂಬ ಯುರೋಪಿನ ಬಂದರು ಊರಿನ ಹಳೆ ಚಿತ್ರ. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚು ಹಾಕಿದ್ದು. ಮೇಲೆ ಗೋಪುರ, ಸಾಲು ಮಹಡಿ. ನದಿ ತುಂಬ ಹಡಗು. ತೀರಾ ಕೆಳಗೆ, ಈಚೆ ದಂಡೆಯಲ್ಲಿ, ಮೂಟೆ ಹೊತ್ತ ಹಮಾಲರು. ಹೆಬ್ಬೆರಳಿನಷ್ಟೂ ಇಲ್ಲ, ಆದರೂ ಒಬ್ಬನ ಕತ್ತಿನ ನರ ಸಹ ಕೊರೆದಿದ್ದಾರೆ.

"ಕೆಳಗಿಂದು ಒಂದ್ ಗೇಣು ಕತ್ತರಿಸಿಬಿಡು ಯಶೋಧಾ. ಟಿವಿ ಮ್ಯಾಗ ಅಷ್ಟ ಜಾಗಾ ಐತಿ. ಆ ಕೂಲಿ ಮಂದಿ ಯಾರಿಗೆ ಬೇಕು?"

"ನೋಡತೇನ್ರಿ" ಅಂದೆ. ಹಾಗಂದದ್ದಕ್ಕೆ ಈಗ ಸಿಟ್ಟು — ನನ್ನ ಮೇಲೇ.

ಜೂನ್ 5, ಬುಧವಾರ, ಮಧ್ಯಾಹ್ನ 3

ಸ್ಕೇಲ್ ಇಟ್ಟೆ. ಬ್ಲೇಡ್ ಹೊಸದು. ಕೈ ಇಳಿಯಲಿಲ್ಲ.

ನಮ್ಮಜ್ಜ ಇದೇ ಬೈಲಹೊಂಗಲದ ಮಾರ್ಕೆಟ್‌ನಲ್ಲಿ ಹತ್ತಿಯ ಅಂಡಿಗೆ — ದೊಡ್ಡ ಮೂಟೆ — ಹೊತ್ತ ಹಮಾಲ. ಅವನದೊಂದು ಫೋಟೊ ಇಲ್ಲ ಮನೆಯಲ್ಲಿ. ಊರವರ ಅಜ್ಜಂದಿರಿಗೆಲ್ಲ ನಾನು ಫ್ರೇಮ್ ಹಾಕಿದ್ದೇನೆ.

ಫೋನ್ ಮಾಡಿದೆ.

"ಕತ್ತರಿಸಂಗಿಲ್ರಿ ಸಾವಕಾರ್ರ. ಇದ್ದಂಗ ಫ್ರೇಮ್ ಹಾಕಿ ಕೊಡತೇನಿ."

"ಚಿತ್ರಾ ನಂದು. ನೀ ಕುಂತ ಅಂಗಡಿನೂ ನಂದು. ನೆನಪೈತಿಲ್ಲ?"

"ಎರಡೂ ನಿಮ್ಮವ, ಖರೇ. ಕೈ ಮಾತ್ರ ನಂದ್ರಿ."

ಶನಿವಾರದೊಳಗೆ ಖಾಲಿ ಮಾಡಬೇಕಂತೆ.

ಜೂನ್ 8, ಶನಿವಾರ

ಮಾಡಿದೆ. ಗಾಜು, ಪಟ್ಟಿ, ಮೊಳೆ ಡಬ್ಬಿ — ಟಂಟಂ ಆಟೊದಲ್ಲಿ ಎರಡು ಸುತ್ತು. ಸುರುಳಿಯನ್ನು ಅವರ ಕೈಗೇ ಕೊಟ್ಟೆ, ಇಡಿಯಾಗಿ. ಮನೆಗೆ ಬಂದು ಅತ್ತುಬಿಟ್ಟೆ. ಅವ್ವ ಪಡಸಾಲೆಯ ಜೋಳದ ಚೀಲ ಒಳಗೆ ಸರಿಸಿದಳು.

"ಇಲ್ಲೇ ಟೇಬಲ್ ಹಾಕು" ಅಂದಳು.

ಜೂನ್ 24, ಸೋಮವಾರ

ಇಷ್ಟು ದಿನಕ್ಕೆ ಗಿರಾಕಿ ಮೂವರು.

ಸವದತ್ತಿಯಿಂದ ನಾಸಿರನ ಫೋನ್. ಅವನೂ ಫ್ರೇಮ್ ಹಾಕುವವನು.

"ಅಕ್ಕಾ, ಒಂದ್ ಉದ್ದಂದು ಹಡಗಿನ ಚಿತ್ರಾ ಬಂದಿತ್ತು. ಬೈಲಹೊಂಗಲದಾಗ ಒಬ್ಬಾಕಿ ಕತ್ತರಿಸಂಗಿಲ್ಲ ಅಂತ ಹಟಾ ಹಿಡದ್ಲು ಅಂದ್ರು, ತಂದ ಸಾವಕಾರ್ರು. ನೀನ ಅಂತ ಗೊತ್ತಾತು."

"ಕತ್ತರಿಸಿದ್ಯಾ?"

"ನನ್ನ ಬ್ಲೇಡ್ ಮೊಂಡ ಐತ್ರಿ ಅಂತ ಹೇಳಿ ಕಳಿಸಿದೆ. ರಾಮದುರ್ಗದ ಫ್ರೇಮಿನ ಅಂಗಡಿ ಬಾಳೇಶಗೂ ಫೋನ್ ಮಾಡೇನಿ — ಅವಂದೂ ಮೊಂಡ ಅಂತ."

ನಕ್ಕೆ. ಎಷ್ಟೋ ದಿನದ ಮೇಲೆ.

ಜೂನ್ 29, ಶನಿವಾರ, ಮಧ್ಯಾಹ್ನ 12

ಸಾವಕಾರರು ಮನೆಗೆ ಬಂದಿದ್ದರು. ಅದೇ ಸುರುಳಿ. ಊರೂರು ಸುತ್ತಿ ಒಂದು ಅಂಚು ಹರಿದಿದೆ, ಬ್ಲೇಡ್ ಬಿದ್ದಿಲ್ಲ. ಅವ್ವ ಕುರ್ಚಿ ಕೊಟ್ಟಳು. ಕೂರಲಿಲ್ಲ.

"ಟಿವಿ ಬ್ಯಾರೆ ಗ್ವಾಡಿಗೆ ಹಾಕಸೇನಿ. ಇದ್ದಂಗ ಮಾಡಿಕೊಡು. ಅಂಗಡಿಗೂ ವಾಪಸ್ ಬಾ."

"ಚಿತ್ರಾ ಮಾಡತೇನ್ರಿ. ಅಂಗಡಿ ಬ್ಯಾಡ."

ಅಳತೆ ತೆಗೆಯುವಾಗ ಅವರೂ ಬಗ್ಗಿದರು. ಕನ್ನಡಕ ಏರಿಸಿ ಕೆಳಗಿನ ದಂಡೆಯ ಒಬ್ಬ ಹಮಾಲನನ್ನು ನೋಡಿದರು.

"ಇವಾ ಏನ್ ಹೊತ್ತಾನ?"

"ಗೊತ್ತಿಲ್ರಿ. ಭಾರ ಭಾಳ ಐತಿ."

ಈಗಷ್ಟೇ ಹೋದರು. ಮೊದಲು ಆ ಹರಿದ ಅಂಚು ಕೂಡಿಸಬೇಕು. ಮೈದಾ ಅಂಟು ಒಲೆಯ ಮೇಲಿದೆ, ಉಕ್ಕುತ್ತಿದೆ, ಎದ್ದೆ—